ತಾಂಡೇಲ ಗೋಡೆಯಿಂದ ಬಿದ್ದ ರಾತ್ರಿ: ರೋಲ್‌ಪ್ಲೇಯಿಂಗ್ ಆಟದಲ್ಲಿ ಸಾವು, ಸೋಲು ನಡೆಸುವ ಬಗೆ

ಎರಡು ಮಳೆಗಾಲದ ಹಿಂದಿನ ಮಾತು. ಶಿರಸಿ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಐದು ಜನ ಕೂತಿದ್ದೆವು. ಕರೆಂಟ್ ಹೋಗಿ ಎರಡು ತಾಸಾಗಿತ್ತು. ಚಾರ್ಜಿಂಗ್ ಲೈಟಿನ ಬೆಳಕಲ್ಲಿ ದಾಳ ಉರುಳುತ್ತಿತ್ತು. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಮಾತಲ್ಲೇ ಕಥೆ ಕಟ್ಟುವ ಆಟ. ಕಥೆ ನಡೆಯುತ್ತಿದ್ದದ್ದು ಮಿರ್ಜಾನ್ ಕೋಟೆಯಲ್ಲಿ, 16ನೇ ಶತಮಾನದಲ್ಲಿ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ಕಾಲ. ನಾನು ಜಿಎಂ, ಅಂದರೆ ಆಟ ನಡೆಸುವವನು. ಗೆಳೆಯನೊಬ್ಬ ಏಳು ತಿಂಗಳಿಂದ ಒಬ್ಬ ತಾಂಡೇಲನ ಪಾತ್ರ ಆಡುತ್ತಿದ್ದ. ಅಘನಾಶಿನಿ ಅಳಿವೆಯ ಪ್ರತಿ ಸುಳಿಯನ್ನೂ ಬಲ್ಲ ದೋಣಿ ನಾಯಕ ಅವನು.

ಆ ರಾತ್ರಿ ಕೋಟೆಯ ಗೋಡೆ ಹತ್ತಬೇಕಿತ್ತು. ಕೆಳಗೆ ಇನ್ನೊಬ್ಬರ ಪಾತ್ರ ಹಗ್ಗ ಹಿಡಿದು ನಿಂತಿತ್ತು. "ರೋಲ್ ಮಾಡು" ಅಂದೆ. ಡಿ20, ಅಂದರೆ ಇಪ್ಪತ್ತು ಮುಖದ ದಾಳದಲ್ಲಿ ಎರಡು ಬಿತ್ತು. ಅಂಕಿ ಕಡಿಮೆಯಾದಷ್ಟೂ ಕೆಟ್ಟದ್ದು. ಇನ್ನೊಮ್ಮೆ ಹಾಕಿಸಿದೆ. ಮೂರು. ಅವನಿಗೆ ಮೊದಲೇ ಗಾಯವಾಗಿತ್ತು. ನಾವು ಆಡುತ್ತಿದ್ದದ್ದು ಹಳೇ ಕಾಲದ ಕಠಿಣ ನಿಯಮ, ಹಿಟ್ ಪಾಯಿಂಟ್, ಅಂದರೆ ಪಾತ್ರದ ಜೀವಬಲದ ಅಂಕ, ಸೊನ್ನೆಗೆ ಇಳಿದರೆ ಸಾವು. ಪೆಟ್ಟಿನ ಲೆಕ್ಕ ಹಾಕಿ "ನಿನ್ನ ಪಾತ್ರ ಸತ್ತಿತು" ಅಂದೆ. ಮುಂದಿನವರ ಸರದಿ ಕರೆದೆ.

ಗೆಳೆಯ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದ. ಆಮೇಲೆ ಕ್ಯಾರೆಕ್ಟರ್ ಶೀಟ್, ಅಂದರೆ ಪಾತ್ರದ ವಿವರ ಬರೆದ ಹಾಳೆ ಮಡಚಿ, ಮಳೆ ಜಾಸ್ತಿಯಾಗ್ತಿದೆ ಅಂತ ಹೇಳಿ ಹೊರಟ. ಮುಂದಿನ ಆರು ವಾರ ಆಟಕ್ಕೆ ಬರಲಿಲ್ಲ. ತಪ್ಪು ನನ್ನದು. ಆ ತಪ್ಪು ಎಲ್ಲಿತ್ತು ಅಂತ ಹುಡುಕುತ್ತಾ ಹೋದಾಗ ಕಲಿತದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ತಾಳಮದ್ದಲೆಯಿಂದ ಶುರು ಮಾಡೋಣ

ನಮ್ಮ ಕಡೆಯವರಿಗೆ ಈ ಆಟ ವಿವರಿಸೋದು ಕಷ್ಟವೇ ಅಲ್ಲ. ತಾಳಮದ್ದಲೆ ಕೇಳಿದವರಿಗೆ ಅರ್ಧ ಗೊತ್ತೇ ಇದೆ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಮಾತು. ಭಾಗವತರು ಪದ ಹೇಳುತ್ತಾರೆ. ಅರ್ಥಧಾರಿ ಅಲ್ಲೇ ಮಾತು ಹುಟ್ಟಿಸುತ್ತಾನೆ. ನಮ್ಮ ಆಟದಲ್ಲಿ ಜಿಎಂ ಭಾಗವತನ ಜಾಗದಲ್ಲಿ, ಆಟಗಾರರು ಅರ್ಥಧಾರಿಗಳ ಜಾಗದಲ್ಲಿ. ಪ್ರಸಂಗದ ಕೊನೆ ಮಾತ್ರ ಯಾರಿಗೂ ಗೊತ್ತಿಲ್ಲ. ಅದನ್ನು ಆಟಗಾರರ ಆಯ್ಕೆ ಮತ್ತು ದಾಳ ಸೇರಿ ಹೇಳಬೇಕು. 1974ರಲ್ಲಿ ಅಮೆರಿಕದಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದಾಗಿನಿಂದ ಈ ಆಟ ಪುಸ್ತಕವಾಗಿ, ಡಬ್ಬಿಯಾಗಿ ಊರೂರು ಸುತ್ತಿದೆ.

ಈಗ ಕರ್ಣಪರ್ವ ನೆನಪಿಸಿಕೊಳ್ಳಿ. ಕರ್ಣ ಸಾಯುತ್ತಾನೆ ಅಂತ ಕೇಳುವವರಿಗೆಲ್ಲ ಗೊತ್ತು. ಆದರೂ ನಡುರಾತ್ರಿಯವರೆಗೆ ಯಾರೂ ಏಳುವುದಿಲ್ಲ. ಯಾಕೆ? ಕವಚ ಕುಂಡಲ ಕೊಟ್ಟದ್ದು ಅವನೇ. ಪರಶುರಾಮರ ಹತ್ತಿರ ಸುಳ್ಳು ಹೇಳಿ ವಿದ್ಯೆ ಕಲಿತದ್ದು ಅವನೇ. ಕುಂತಿಗೆ ಮಾತು ಕೊಟ್ಟದ್ದೂ ಅವನೇ. ರಥದ ಚಕ್ರ ಹೂತಾಗ ಅವನು ಮಾಡಿದ್ದೆಲ್ಲ ಒಟ್ಟಿಗೆ ಬಂದು ಎದುರು ನಿಲ್ಲುತ್ತದೆ.

ನನ್ನ ತಾಂಡೇಲನ ಗೋಡೆಯಲ್ಲಿ ಅವನು ಮಾಡಿದ್ದು ಏನೂ ಇರಲಿಲ್ಲ. ಅವನ ಸಾಲ, ಅವನ ದೋಣಿ, ಅವನ ಹಠ ಯಾವುದೂ ಆ ಗೋಡೆಗೆ ಸಂಬಂಧಪಟ್ಟದ್ದಲ್ಲ. ಸಾವು ಬಂದದ್ದು ಬೇಜಾರಲ್ಲ. ಬರಿದಾಗಿ ಬಂತಲ್ಲ, ಅದು ಬೇಜಾರು.

ಹೆಜ್ಜೆ 1: ದಾಳ ತೆಗೆಯುವ ಮೊದಲು ಕೂತು ಮಾತಾಡಿ

ಇದಕ್ಕೆ ಸೆಷನ್ ಜೀರೋ ಅಂತಾರೆ. ಚಹಾ ಇಟ್ಟುಕೊಂಡು ಒಂದು ತಾಸು ಮಾತಾಡಿದರೆ ಸಾಕು. ಮೊದಲು ಇಷ್ಟು ಕೇಳಿ: ಪಾತ್ರಗಳು ಸಾಯಬಹುದಾ? ಯಾವಾಗ ಬೇಕಾದರೂ ಸಾಯಬಹುದಾ, ದೊಡ್ಡ ಸಂದರ್ಭದಲ್ಲಿ ಮಾತ್ರವಾ, ಅಥವಾ ಆಟಗಾರ ಒಪ್ಪಿದರೆ ಮಾತ್ರವಾ? ಮೂರೂ ಸರಿಯಾದ ಉತ್ತರಗಳೇ. ಆದರೆ ಒಬ್ಬ ಒಂದು ಅಂದುಕೊಂಡು, ಇನ್ನೊಬ್ಬ ಇನ್ನೊಂದು ಅಂದುಕೊಂಡು ಕೂತರೆ ಜಗಳ ಖಂಡಿತ.

ಆಮೇಲೆ ಗೆರೆ ಮತ್ತು ತೆರೆ. ಈ ಹವ್ಯಾಸದಲ್ಲಿ ಲೈನ್ಸ್ ಅಂಡ್ ವೇಲ್ಸ್ ಅಂತ ಕರೆಯುವುದಕ್ಕೆ ನಾವು ಇಟ್ಟುಕೊಂಡ ಹೆಸರು ಇದು. ಗೆರೆ ಅಂದರೆ ಆ ವಿಷಯ ಕಥೆಯೊಳಗೆ ಬರಲೇಬಾರದು. ತೆರೆ ಅಂದರೆ ಬರಬಹುದು, ಆದರೆ ವಿವರ ಬೇಡ, ಯಕ್ಷಗಾನದಲ್ಲಿ ತೆರೆ ಹಿಡಿದ ಹಾಗೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿಯಿತು. ಆಮೇಲೆ ನಮ್ಮ ಟೇಬಲಿನಲ್ಲಿ, ಅಂದರೆ ನಮ್ಮ ಆಟದ ಗುಂಪಿನಲ್ಲಿ, ಗುಡ್ಡ ಕುಸಿತಕ್ಕೆ ಗೆರೆ ಎಳೆದೆವು. ನಮ್ಮ ಕಥೆಯಲ್ಲಿ ಯಾರೂ ಹಾಗೆ ಸಾಯುವುದಿಲ್ಲ. ಕಾರವಾರದ ಗೆಳೆಯರ ಟೇಬಲ್ ಜೋರಾಗುವುದು ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಾರಿಕೆ ನಿಂತು ಬೋಟುಗಳು ದಡದಲ್ಲಿರುವ 61 ದಿನ. ಅಲ್ಲಿ ಕಡಲಲ್ಲಿ ಮುಳುಗುವುದಕ್ಕೆ ತೆರೆ ಇದೆ. ಅಲ್ಲಿ ಕೂತವರಲ್ಲಿ ಕೆಲವರ ಮನೆಯವರು ನಿಜವಾಗಿಯೂ ಕಡಲಿಗೆ ಹೋಗುವವರು. ಮಾತಾಡದೆ ಇದ್ದರೆ ಇದು ಜಿಎಂಗೆ ಹೇಗೆ ಗೊತ್ತಾಗಬೇಕು?

ಟೇಬಲಿನ ನಡುವೆ ಒಂದು ಎಕ್ಸ್ ಕಾರ್ಡ್ ಇಡಿ. ಕಾಗದದ ಮೇಲೆ ಒಂದು ಗುಣಾಕಾರ ಚಿಹ್ನೆ ಬರೆದರೆ ಆಯಿತು. ಯಾರಾದರೂ ಅದನ್ನು ಮುಟ್ಟಿದರೆ ಆ ದೃಶ್ಯ ಅಲ್ಲಿಗೆ ಬದಲಾಗುತ್ತದೆ. ಯಾಕೆ ಅಂತ ಕೇಳುವ ಹಾಗಿಲ್ಲ.

ಕೊನೆಗೆ ಪ್ರತಿ ಆಟಗಾರನೂ ತನ್ನ ಶೀಟಿನ ಹಿಂದೆ ಒಂದು ಸಾಲು ಬರೆಯಲಿ: ನನ್ನ ಪಾತ್ರ ಯಾವುದಕ್ಕಾಗಿ ಜೀವ ಕೊಡುತ್ತದೆ? ಆ ಸಾಲನ್ನು ಜಿಎಂ ಓದಿಕೊಂಡಿರಬೇಕು. ನನ್ನ ಗೆಳೆಯ ಬರೆದಿದ್ದ ಸಾಲು "ದೋಣಿಯಲ್ಲಿ ಕೂತವರನ್ನು ದಡ ಮುಟ್ಟಿಸದೆ ಬಿಡುವುದಿಲ್ಲ". ಅದನ್ನು ನಾನು ಓದಿದ್ದು ಅವನು ಹೋದ ಮೇಲೆ.

ಹೆಜ್ಜೆ 2: ನಿಮ್ಮ ಆಟದ ಸಾವಿನ ನಿಯಮ ಬಾಯಿಪಾಠ ಇರಲಿ

ಪ್ರತಿ ಆಟವೂ ಸಾವನ್ನು ಬೇರೆ ಥರ ನೋಡುತ್ತದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯಲ್ಲಿ ಹಿಟ್ ಪಾಯಿಂಟ್ ಸೊನ್ನೆಯಾದರೆ ಪಾತ್ರ ಮೂರ್ಛೆ ಹೋಗುತ್ತದೆ. ಪ್ರತಿ ಸರದಿಗೆ ಡಿ20 ಹಾಕಬೇಕು. 10 ಅಥವಾ ಜಾಸ್ತಿ ಬಿದ್ದರೆ ಒಂದು ಗೆಲುವು, ಕಡಿಮೆ ಬಿದ್ದರೆ ಒಂದು ಸೋಲು. ಮೂರು ಗೆಲುವಾದರೆ ಜೀವ ನಿಲ್ಲುತ್ತದೆ. ಮೂರು ಸೋಲಾದರೆ ಸಾವು. 1 ಬಿದ್ದರೆ ಎರಡು ಸೋಲು. 20 ಬಿದ್ದರೆ ಒಂದು ಹಿಟ್ ಪಾಯಿಂಟಿನೊಂದಿಗೆ ಕಣ್ಣು ಬಿಡುತ್ತಾನೆ. ಯಾರೂ ಸಹಾಯಕ್ಕೆ ಬರದಿದ್ದರೂ, ಶತ್ರು ಮತ್ತೆ ಹೊಡೆಯದಿದ್ದರೆ, ಉಳಿಯುವ ಸಾಧ್ಯತೆ ನೂರಕ್ಕೆ ಸುಮಾರು 60. ಆದರೆ ಬಿದ್ದವನ ಪಕ್ಕದಲ್ಲೇ ನಿಂತು ಶತ್ರು ಹೊಡೆದರೆ ಒಂದೇ ಏಟಿಗೆ ಎರಡು ಸೋಲು. ಅಂದರೆ ಈ ಆಟದಲ್ಲಿ ಸಾವು ಬರುವುದು ಹೆಚ್ಚಾಗಿ ಜಿಎಂ ತೀರ್ಮಾನದಿಂದ: ಬಿದ್ದವನಿಗೆ ಹೊಡೆಯಬೇಕಾ, ಬೇಡವಾ? ಹಸಿದ ಹುಲಿ ಒಂದು ಥರ, ಕೂಲಿಗೆ ಬಂದ ಕಾವಲುಗಾರ ಇನ್ನೊಂದು ಥರ. ಮೊದಲೇ ಯೋಚಿಸಿಟ್ಟುಕೊಳ್ಳಿ.

1981ರ ಕಾಲ್ ಆಫ್ ಕ್ತುಲು ಆಟದ ಏಳನೇ ಆವೃತ್ತಿಯ ಒಂದು ನಿಯಮ ನನಗೆ ತುಂಬಾ ಇಷ್ಟ. ಸೋತ ಮೇಲೆ ಆಟಗಾರ ಇನ್ನೊಮ್ಮೆ ಪ್ರಯತ್ನಿಸಬಹುದು. ಆದರೆ ಇನ್ನೂ ಜೋರಾಗಿ, ಅಪಾಯ ತೆಗೆದುಕೊಂಡು. ಈ ಸಲವೂ ಸೋತರೆ ಏನು ಕೆಟ್ಟದ್ದಾಗಬಹುದು ಅನ್ನುವುದು ದಾಳ ಹಾಕುವ ಮೊದಲೇ ಮಾತಾಗುತ್ತದೆ. ಆಮೇಲೂ ಹಾಕುವುದು ಬಿಡುವುದು ಆಟಗಾರನಿಗೆ ಬಿಟ್ಟದ್ದು. ಮಿರ್ಜಾನ್ ಗೋಡೆಯಲ್ಲಿ ನಾನು ಎರಡನೇ ಸಲ ದಾಳ ಹಾಕಿಸಿದೆನಲ್ಲ, ಆಗ ಇಷ್ಟು ಹೇಳಿದ್ದರೆ ಅವನು ಕೆಳಗಿಳಿಯುತ್ತಿದ್ದ.

ಫೇಟ್ ಆಟದಲ್ಲಿ ದಾಳ ಬೀಳುವ ಮೊದಲೇ ಆಟಗಾರ "ನಾನು ಸೋತೆ" ಅನ್ನಬಹುದು. ಹಾಗಂದರೆ ಹೇಗೆ ಸೋತೆ ಅನ್ನುವುದರಲ್ಲಿ ಅವನ ಮಾತೂ ನಡೆಯುತ್ತದೆ. ಡಂಜನ್ ವರ್ಲ್ಡ್‌ನಲ್ಲಿ ಸಾಯುವವನು ಕೊನೆಯುಸಿರಿನ ದಾಳ ಹಾಕುತ್ತಾನೆ, ನಡುವಿನ ಅಂಕಿ ಬಿದ್ದರೆ ಸಾವೇ ಒಂದು ಕರಾರು ಮುಂದಿಡುತ್ತದೆ. ಟೆನ್ ಕ್ಯಾಂಡಲ್ಸ್‌ನಲ್ಲಿ ಕೊನೆಗೆ ಎಲ್ಲ ಪಾತ್ರಗಳೂ ಸಾಯುತ್ತವೆ, ಅದು ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ಕರೆಂಟ್ ಇಲ್ಲದ ಮಳೆ ರಾತ್ರಿಗೆ, ಹತ್ತು ಮೇಣದಬತ್ತಿ ಹಚ್ಚಿ ಆಡುವ ಆ ಆಟ ಒಮ್ಮೆ ಆಡಿ ನೋಡಿ. ಕರ್ಣಪರ್ವದ ರುಚಿ ಸಿಗುತ್ತದೆ.

ಹೆಜ್ಜೆ 3: ಸೋತರೆ ಏನು ಅಂತ ಮೊದಲು ಹೇಳಿ

ಇಡೀ ಬರಹದಲ್ಲಿ ಒಂದೇ ಹೆಜ್ಜೆ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ದಾಳ ಕೈಗೆತ್ತಿಕೊಳ್ಳುವ ಮೊದಲು ನಿಮಗೆ ನೀವೇ ಕೇಳಿ: ಇವನು ಸೋತರೆ ಕಥೆಯಲ್ಲಿ ಏನು ಬದಲಾಗುತ್ತದೆ? "ಏನೂ ಇಲ್ಲ" ಅಂತ ಉತ್ತರ ಬಂದರೆ ದಾಳ ಬೇಡ. ಬಾಗಿಲು ತೆಗೆಯಲಿ ಬಿಡಿ. "ಕಥೆ ಅಲ್ಲಿಗೇ ನಿಲ್ಲುತ್ತದೆ" ಅಂತ ಬಂದರೂ ದಾಳ ಬೇಡ. ಕಳ್ಳಸಾಗಣೆ ಮಾಡಿದವನ ಹೆಸರು ಇರುವ ಒಂದೇ ಒಂದು ಓಲೆಯನ್ನು ಒಂದೇ ಒಂದು ದಾಳದ ಹಿಂದೆ ಬಚ್ಚಿಟ್ಟರೆ, ಆ ದಾಳ ಕೈಕೊಟ್ಟಾಗ ಐದು ಜನ ಮುಖ ಮುಖ ನೋಡುತ್ತಾ ಕೂರಬೇಕಾಗುತ್ತದೆ.

"ಬೀಗ ತೆಗೆಯಲಾಗಲಿಲ್ಲ" ಅನ್ನುವುದು ಸೋಲಲ್ಲ, ಅದು ಬರೀ ತಡೆ. ಬೀಗ ತೆಗೆಯಿತು, ಆದರೆ ಅಷ್ಟರಲ್ಲಿ ಕಾವಲುಗಾರನ ದೀಪ ಮೆಟ್ಟಿಲಿಳಿಯಿತು. ಇದು ಸೋಲು. ಬೀಗ ತೆಗೆಯಿತು, ಒಳಗಿನ ಮೆಣಸಿನ ಚೀಲಗಳ ಮೇಲೆ ನಿನ್ನ ಅಣ್ಣನ ಗುರುತಿದೆ. ಇದೂ ಸೋಲೇ, ಇನ್ನೂ ಆಳದ್ದು. ಹೊತ್ತು ಹೋಗಬಹುದು. ಸದ್ದಾಗಬಹುದು. ಸಾಲ ಬೀಳಬಹುದು. ಇನ್ನೊಬ್ಬರ ನಂಬಿಕೆ ಮುರಿಯಬಹುದು. ಜೀವ ಒಂದೇ ಪಣ ಅಲ್ಲ, ಅಲ್ವಾ? ಎಷ್ಟೋ ಸಲ ಆಟಗಾರನಿಗೆ ತನ್ನ ಪಾತ್ರದ ಜೀವಕ್ಕಿಂತ ಅದರ ದೋಣಿ ದೊಡ್ಡದು.

ಎರಡು ಆರುಮುಖದ ದಾಳ ಹಾಕುವ ಆಟಗಳಲ್ಲಿ ಇದನ್ನು ನಿಯಮದಲ್ಲೇ ಕಟ್ಟಿದ್ದಾರೆ. 2010ರ ಅಪಾಕಲಿಪ್ಸ್ ವರ್ಲ್ಡ್‌ನಿಂದ ಹುಟ್ಟಿದ ದಾರಿ ಇದು. 10 ಅಥವಾ ಜಾಸ್ತಿ ಬಂದರೆ ಗೆಲುವು, 7ರಿಂದ 9 ಬಂದರೆ ಗೆಲುವಿನ ಜೊತೆ ಒಂದು ಬೆಲೆ, 6 ಅಥವಾ ಕಡಿಮೆ ಬಂದರೆ ಜಿಎಂ ಕೈ ಮೇಲು. ಪಾತ್ರದ ಸಾಮರ್ಥ್ಯದ ಅಂಕ ಏನೂ ಕೂಡಿಸದೆ ಹಾಕಿದರೆ 36ರಲ್ಲಿ 15 ಸಲ ಸೋಲು, 15 ಸಲ ಬೆಲೆ ತೆತ್ತ ಗೆಲುವು, 6 ಸಲ ಮಾತ್ರ ಪೂರ್ತಿ ಗೆಲುವು. ಡಂಜನ್ ವರ್ಲ್ಡ್‌ನಲ್ಲಿ ಸೋತಾಗಲೆಲ್ಲ ಪಾತ್ರವನ್ನು ಬೆಳೆಸುವ ಒಂದು ಅನುಭವದ ಅಂಕ ಸಿಗುತ್ತದೆ. ಈ ಒಂದು ನಿಯಮವನ್ನು ನಾನು ಬೇರೆ ಆಟಗಳಿಗೂ ತಂದಿದ್ದೇನೆ. ಸೋತಾಗ ಆಟಗಾರ ಪೆನ್ಸಿಲ್ ತೆಗೆದು ಏನೋ ಒಂದು ಬರೆದುಕೊಳ್ಳುತ್ತಾನಲ್ಲ, ಆಗ ಅವನ ಮುಖವೇ ಬೇರೆ ಇರುತ್ತದೆ.

ಈಗ ಒಂದು ದೃಶ್ಯ ಪೂರ್ತಿ ಆಡಿ ತೋರಿಸುತ್ತೇನೆ. ಗೋಡೆಯ ಆ ರಾತ್ರಿ ಮರೆತು, ತಾಂಡೇಲ ಇನ್ನೂ ಬದುಕಿದ್ದಾನೆ ಅಂದುಕೊಳ್ಳಿ.

ತಾಂಡೇಲ ರಾತ್ರಿ ಮಿರ್ಜಾನ್ ಬಿಟ್ಟಿದ್ದಾನೆ. ದೋಣಿಯಲ್ಲಿ ಇಪ್ಪತ್ತು ಚೀಲ ಮೆಣಸು, ಮೂರು ಜನ. ಅಳಿವೆಯಾಚೆ ಹಡಗು ಕಾಯುತ್ತಿದೆ. ನೀರು ಇಳಿಯುತ್ತಿದೆ. ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ತಾಸು. ಕಾಗದದ ಮೇಲೆ ಒಂದು ವೃತ್ತ ಬರೆದು ಆರು ಭಾಗ ಮಾಡಿ ಎಲ್ಲರಿಗೂ ಕಾಣುವ ಹಾಗಿಡಿ. ಇದನ್ನು ಕ್ಲಾಕ್ ಅಂತಾರೆ, 2017ರ ಬ್ಲೇಡ್ಸ್ ಇನ್ ದ ಡಾರ್ಕ್ ಆಟದಲ್ಲಿ ಇದರ ಬಳಕೆ ಬಹಳ ಚಂದ. ಆರೂ ತುಂಬಿದರೆ ಅಳಿವೆಯ ಮರಳುದಿಬ್ಬದ ಮೇಲೆ ನೀರಿಲ್ಲ. ಇದನ್ನು ಮೊದಲೇ ಹೇಳಿಬಿಡಿ.

ಮೊದಲ ದಾಳ: ಕಾವಲು ದೋಣಿ ತಪ್ಪಿಸುವುದು. ಸೋತ. ಸಿಕ್ಕಿಬೀಳಲಿಲ್ಲ, ಆದರೆ ಕಾಂಡ್ಲಾ ಗಿಡಗಳ ನಡುವೆ ಎರಡು ತಾಸು ಅಡಗಿ ಕೂರಬೇಕಾಯಿತು. ಎರಡು ಭಾಗ ತುಂಬಿ. ಎರಡನೇ ದಾಳ: ಕತ್ತಲಲ್ಲಿ ಆಳದ ಕಾಲುವೆ ಹುಡುಕುವುದು. ಮತ್ತೆ ಸೋತ. ದೋಣಿಯ ತಳ ಉಜ್ಜಿತು. ಈಗ ಆಯ್ಕೆ ಅವನ ಕೈಗೆ ಕೊಡಿ: ಹತ್ತು ಚೀಲ ನೀರಿಗೆ ಎಸೆಯುತ್ತೀಯಾ, ಇಲ್ಲ ಇನ್ನೂ ಮೂರು ಭಾಗ ತುಂಬಲಾ? ಅವನು ಚೀಲ ಎಸೆಯಲಿಲ್ಲ, ಆ ಮೆಣಸು ಅವನ ಸಾಲ ತೀರಿಸಬೇಕಿತ್ತು. ಐದು ಭಾಗ ತುಂಬಿತು. ಎದುರಿಗೆ ಮರಳುದಿಬ್ಬ, ಅದರ ಮೇಲೆ ಮುರಿಯುವ ಅಲೆ.

ಎರಡು ಸಲ ಸೋತಿದ್ದಾನೆ. ಆಟ ಒಮ್ಮೆಯೂ ನಿಂತಿಲ್ಲ, ಗಮನಿಸಿ. ಪ್ರತಿ ಸೋಲೂ ಅವನನ್ನು ತನ್ನ ಶೀಟಿನ ಹಿಂದೆ ಬರೆದ ಆ ಸಾಲಿನ ಹತ್ತಿರಕ್ಕೆ ತಂದಿದೆ.

ಹೆಜ್ಜೆ 4: ಸಾವು ಬರುವ ದಾರಿ ಕಾಣುವ ಹಾಗಿರಲಿ

ಇಲ್ಲಿ ಜಿಎಂ ಬಾಯಿಬಿಟ್ಟು ಹೇಳಬೇಕು. ಕಥೆಯೊಳಗಿನ ಸೂಚನೆ ಮೊದಲು: ದಿಬ್ಬದ ಮೇಲೆ ಒಡೆದ ದೋಣಿಯ ಹಲಗೆಗಳು ಕಾಣುತ್ತವೆ. ಅದು ಸಾಲದು. ಸೂಚನೆ ನಿಮ್ಮ ತಲೆಯಲ್ಲಿ ಎಷ್ಟು ಸ್ಪಷ್ಟ ಇದೆಯೋ ಅವರ ತಲೆಯಲ್ಲಿ ಅಷ್ಟು ಇರುವುದಿಲ್ಲ. ಪಾತ್ರ ಬಿಟ್ಟು, ಗೆಳೆಯನ ಮುಖ ನೋಡಿ ಹೇಳಿ: "ಇಲ್ಲಿ ನಿನ್ನ ಪಾತ್ರ ಸಾಯಬಹುದು. ಗೊತ್ತಿರಲಿ." ಹೀಗೆ ಹೇಳಿದರೆ ರೋಮಾಂಚನ ಹಾಳಾಗುತ್ತದೆ ಅಂತ ಕೆಲವರು ಅಂತಾರೆ. ನಾನು ಒಪ್ಪುವುದಿಲ್ಲ. ಹೇಳಿದ ಮೇಲೆಯೇ ಟೇಬಲಿನಲ್ಲಿ ಉಸಿರು ಬಿಗಿಯಾಗುವುದು.

ಆಮೇಲೆ ದಾರಿಗಳನ್ನು ಮುಂದಿಡಿ. ಬೆಳಗಿನ ಉಬ್ಬರದವರೆಗೆ ಕಾಯಬಹುದು, ಆದರೆ ಬೆಳಕಲ್ಲಿ ಕಾವಲಿನವರಿಗೆ ಕಾಣುತ್ತೀರಿ. ಈಗಲಾದರೂ ಚೀಲ ಎಸೆಯಬಹುದು. ಅಥವಾ ಒಬ್ಬ ಕೆಳಗಿಳಿದು ಅಲೆಯಲ್ಲಿ ನಿಂತು ದೋಣಿ ನೂಕಬಹುದು. ಹಿಂದೆ ಸರಿಯುವ ದಾರಿ ಒಂದಾದರೂ ಇರಬೇಕು, ಅದಕ್ಕೂ ಬೆಲೆ ಇರಬೇಕು. ದಾರಿಯೇ ಇಲ್ಲದ ಕಡೆ ಸತ್ತರೆ ಆಟಗಾರ ಸೋತ ಹಾಗಲ್ಲ, ಜಿಎಂ ಕೊಂದ ಹಾಗೆ.

ಇನ್ನು ದಾಳವನ್ನು ಪರದೆ ಹಿಂದೆ ಹಾಕಿ ಅಂಕಿ ಬದಲಾಯಿಸುವ ಅಭ್ಯಾಸ. ನಾನೂ ಮಾಡಿದ್ದೇನೆ, ಈಗ ಬಿಟ್ಟಿದ್ದೇನೆ. ಜೀವದ ದಾಳ ಎಲ್ಲರೆದುರು ಬೀಳಲಿ. ಅವನು ಸಾಯುವುದು ನಿಮಗೆ ಬೇಡವಾಗಿದ್ದರೆ ಆ ದಾಳಕ್ಕೆ ಸಾವನ್ನು ಪಣ ಇಡಬೇಡಿ. ಬೇರೆ ಏನಾದರೂ ಇಡಿ. ಒಮ್ಮೆ ಅಂಕಿ ತಿರುಚಿದ್ದು ಗೊತ್ತಾದರೆ, ಆಮೇಲೆ ನಿಜವಾಗಿ ಗೆದ್ದದ್ದೂ ಸಪ್ಪೆಯಾಗುತ್ತದೆ.

ಹೆಜ್ಜೆ 5: ಸತ್ತಾಗ ಅವಸರ ಬೇಡ

ತಾಂಡೇಲ ಅಲೆಗಿಳಿದು ದೋಣಿ ನೂಕಿದ ಅಂದುಕೊಳ್ಳಿ. ದಾಳ ಬಿತ್ತು, ಪಾತ್ರ ಹೋಯಿತು. ಈಗ ದಾಳಗಳನ್ನು ಪಕ್ಕಕ್ಕೆ ಸರಿಸಿ. ತಾಳಮದ್ದಲೆಯಲ್ಲಿ ಕರ್ಣ ಬಿದ್ದ ಮೇಲೆ ಭಾಗವತರು ಮುಂದಿನ ಪದಕ್ಕೆ ಓಡುವುದಿಲ್ಲ. ಅರ್ಥಧಾರಿಗೆ ಹೊತ್ತು ಕೊಡುತ್ತಾರೆ. ನೀವೂ ಕೊಡಿ.

ಆಟಗಾರನನ್ನು ಕೇಳಿ: ಕೊನೆಗೆ ಅವನ ಕಣ್ಣಿಗೆ ಬಿದ್ದದ್ದು ಏನು? ಯಾರಿಗಾದರೂ ಏನಾದರೂ ಹೇಳುತ್ತಾನಾ? ಉತ್ತರ ಬರದಿದ್ದರೆ ಒತ್ತಾಯ ಬೇಡ, ಮುಂದಿನ ವಾರ ಹೇಳಲಿ. ಆಮೇಲೆ ಉಳಿದ ಪ್ರತಿ ಆಟಗಾರನಿಗೂ ಒಂದೊಂದು ಕೆಲಸ ಕೊಡಿ. ಒಬ್ಬ ಕೈ ಹಿಡಿಯಲಿ, ಒಬ್ಬ ಹುಟ್ಟು ಎತ್ತಿಕೊಳ್ಳಲಿ, ಒಬ್ಬ ದಡದ ಕಡೆ ನೋಡುತ್ತಾ ಕೂರಲಿ. ಸತ್ತವನ ಪ್ರಯತ್ನದಿಂದ ಏನು ಉಳಿಯಿತು ಅನ್ನುವುದನ್ನು ಅಲ್ಲೇ ತೋರಿಸಿ: ದೋಣಿ ದಿಬ್ಬ ದಾಟಿತು, ಮೂವರೂ ಬದುಕಿದರು.

ಆಮೇಲೆ ಹತ್ತು ನಿಮಿಷ ಆಟ ನಿಲ್ಲಿಸಿ. ಕಷಾಯ ಕಾಸಿ. ಗೆಳೆಯನ ಪಕ್ಕ ಹೋಗಿ ಕೂತು ಹೇಗಿದ್ದೀಯ ಅಂತ ಕೇಳಿ. ತಿಂಗಳುಗಟ್ಟಲೆ ಕಟ್ಟಿದ ಪಾತ್ರ ಹೋದಾಗ ಅಳು ಬರುವುದು ಸಹಜ. "ಬರೀ ಆಟ ಅಲ್ವಾ" ಅಂತ ಮಾತ್ರ ಯಾರೂ ಅನ್ನಬಾರದು.

ಹೆಜ್ಜೆ 6: ಮರುದಿನದಿಂದ

ಸತ್ತ ಪಾತ್ರದ ಆಟಗಾರ ಉಳಿದ ಮೂರು ತಾಸು ಸುಮ್ನೆ ಕೂರಬಾರದು. ಅದಕ್ಕೇ ಪ್ರತಿ ಸೆಷನ್‌ಗೂ ಒಂದಿಬ್ಬರು ಚಿಕ್ಕ ಪಾತ್ರಗಳನ್ನು ಸಿದ್ಧ ಇಟ್ಟಿರಿ. ದೋಣಿಯ ಹುಡುಗ, ಹಡಗಿನ ದುಭಾಷಿ, ಹೀಗೆ. ಅವತ್ತಿನ ಮಟ್ಟಿಗೆ ಅದನ್ನು ಆಡಲಿ. ಹೊಸ ಪಾತ್ರ ಉಳಿದವರ ಮಟ್ಟದಲ್ಲೇ ಶುರುವಾಗಲಿ. ಸತ್ತದ್ದಕ್ಕೆ ಶಿಕ್ಷೆ ಬೇಡ.

ಊರು ಅವನನ್ನು ಮರೆಯಬಾರದು. ನಮ್ಮ ಟೇಬಲಿನಲ್ಲಿ ಈಗ ಹದಿಮೂರನೇ ದಿನದ ಊಟದ ದೃಶ್ಯ ಒಂದು ರೂಢಿಯಾಗಿದೆ. ಪ್ರತಿ ಪಾತ್ರವೂ ಎಲೆ ಮುಂದೆ ಕೂತು ಸತ್ತವನ ಒಂದು ನೆನಪು ಹೇಳುತ್ತದೆ. ಆ ನೆನಪು ಅಲ್ಲೇ ಹುಟ್ಟಿದ್ದಾಗಿರಬಹುದು, ಹಿಂದೆ ಆಡದೇ ಇದ್ದದ್ದಾಗಿರಬಹುದು. ಅದರಲ್ಲಿ ಒಂದನ್ನು ಜಿಎಂ ಬರೆದಿಟ್ಟುಕೊಂಡು ಮುಂದಿನ ಕಥೆಗೆ ತರಬೇಕು. ಅವನ ಸಾಲ ಕೇಳಲು ಒಬ್ಬ ಬರಲಿ. ಅವನ ದೋಣಿಗೆ ಇನ್ನೊಬ್ಬ ಕೈ ಹಾಕಲಿ.

ಸತ್ತವರನ್ನು ಎಬ್ಬಿಸುವ ಮಂತ್ರ ಇರುವ ಆಟಗಳಲ್ಲಿ ಅದರ ಬೆಲೆ ಗಟ್ಟಿಯಾಗಿ ಹಿಡಿಯಿರಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ರಿವಿವಿಫೈ ಮಂತ್ರವನ್ನು ಸತ್ತ ಒಂದು ನಿಮಿಷದೊಳಗೆ ಹಾಕಬೇಕು, ಅದಕ್ಕೆ 300 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು. ರೇಸ್ ಡೆಡ್‌ಗೆ ಹತ್ತು ದಿನದೊಳಗೆ 500ರದ್ದು. ಆ ವಜ್ರ ಪ್ರತಿ ಅಂಗಡಿಯಲ್ಲಿ ಸಿಗದ ಹಾಗೆ ನೋಡಿಕೊಳ್ಳಿ. ವಜ್ರ ಹುಡುಕುವುದೇ ನಾಲ್ಕು ವಾರದ ಕಥೆಯಾಗಬಹುದು.

ಇಡೀ ಗುಂಪೇ ಒಟ್ಟಿಗೆ ಸೋತರೆ, ಟಿಪಿಕೆ (ಟೋಟಲ್ ಪಾರ್ಟಿ ಕಿಲ್) ಅಂತಾರಲ್ಲ, ಎಲ್ಲರನ್ನೂ ಕೊಲ್ಲಲೇಬೇಕು ಅಂತಿಲ್ಲ. ಸೆರೆ ಸಿಗಬಹುದು. ಇಲ್ಲ, ಹತ್ತು ವರ್ಷ ಕಳೆದು ಅವರ ಮಕ್ಕಳು ಅದೇ ಕೋಟೆಗೆ ಬರಬಹುದು. ಯಾವುದು ಬೇಕು ಅಂತ ಟೇಬಲಿಗೇ ಕೇಳಿ.

ಆಗಿಹೋದ ತಪ್ಪನ್ನು ಸರಿಪಡಿಸುವುದು

ಏಳನೇ ವಾರ ನಾನು ಗೆಳೆಯನ ಮನೆಗೆ ಹೋದೆ. ತಪ್ಪಾಯಿತು ಅಂದೆ. ತಾಂಡೇಲನನ್ನು ಬದುಕಿಸಲಾ ಅಂತ ಕೇಳಿದೆ. ಬೇಡ ಅಂದ. ಸತ್ತದ್ದು ಸತ್ತದ್ದೇ, ಆದರೆ ಅದು ಯಾಕೆ ಅಂತ ಗೊತ್ತಾಗಬೇಕು ಅಂದ. ನಿಮಗೂ ಹೀಗಾಗಿದ್ದರೆ ಮೊದಲು ಆಟಗಾರನನ್ನು ಕೇಳಿ, ನೀವೇ ತೀರ್ಮಾನ ಮಾಡಬೇಡಿ.

ಮುಂದಿನ ಶನಿವಾರ ಅವನು ಹೊಸ ಶೀಟ್ ಹಿಡಿದು ಬಂದ. ತಾಂಡೇಲನ ತಂಗಿಯ ಪಾತ್ರ. ಅಣ್ಣನ ಹುಟ್ಟು ಹೆಗಲ ಮೇಲೆ ಹೊತ್ತು ಮಿರ್ಜಾನ್ ದಡದಲ್ಲಿ ಇಳಿದಳು. ಯಾರ ಹತ್ತಿರವೂ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಮೂವರ ಮುಖವನ್ನೂ ಒಂದೊಂದಾಗಿ ನೋಡಿದಳು.

"ಆ ರಾತ್ರಿ ಹಗ್ಗ ಹಿಡಿದಿದ್ದವರು ಯಾರು?"